ಎಡೆಯ ಬ್ರಾಂಡಿ

ಕಾಗೆ ಬರಲಿಲ್ಲ.

ಅವತ್ತು ನನ್ನ ಗಂಡ ಮುನೀಂದ್ರನ ತಿಥಿ. ಊರಾಚೆ, ಕ್ಯಾಸಂಬಳ್ಳಿ ರಸ್ತೆ ದಾಟಿ ಒಳಗೆ ಹೋದರೆ ಸಿಗುವ ನಮ್ಮ ರಾಗಿ ಹೊಲದ ಮೂಲೆಯಲ್ಲಿ ಅವನನ್ನು ಮಣ್ಣು ಮಾಡಿದ್ದೆವು. ಗುಡ್ಡೆಯ ಮೇಲೆ ಚೆಂಡುಹೂವು, ತಲೆಯ ಕಡೆ ನಿಂಬೆಹಣ್ಣು, ಬಾಳೆಲೆಯಲ್ಲಿ ಮುದ್ದೆ, ಕೋಳಿ ಸಾರು, ಬೇಯಿಸಿದ ಮೊಟ್ಟೆ, ವಡೆ ಎಲ್ಲ ಇಟ್ಟಾಗಿತ್ತು. ಕಾಗೆ ಬಂದು ಎಡೆ ಮುಟ್ಟುವವರೆಗೆ ಯಾರೂ ಮನೆಗೆ ಹೋಗಿ ಉಣ್ಣುವ ಹಾಗಿಲ್ಲ. ಹೆಂಗಸರು ಜಾಲಿ ಮರದ ಕೆಳಗೆ ಕೂತು ಸೆರಗಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದೆವು. ಗಂಡಸರು ಗುಡ್ಡೆಯ ಸುತ್ತ ನಿಂತು ಆಕಾಶ ನೋಡುತ್ತಿದ್ದರು. ಅಷ್ಟು ಜನ ಕಾವಲು ನಿಂತ ಹಾಗೆ ನಿಂತರೆ ಯಾವ ಕಾಗೆಗೆ ಧೈರ್ಯ ಬಂದೀತು ಎಂದು ಯಾರಿಗೂ ಹೊಳೆಯಲಿಲ್ಲ.

ಬದುಕಿದ್ದಾಗ ಅವನನ್ನು ನಾನು ‘ಅವರು’ ಎನ್ನುತ್ತಿದ್ದೆ. ಈಗ ‘ಅವನು’ ಎನ್ನುತ್ತೇನೆ. ಅಷ್ಟು ಸಿಟ್ಟು ನನಗೆ.

“ಅವ್ನಿಗೆ ಬೇಕಾದ್ದು ಮಡಗಿಲ್ಲ, ಅದ್ಕೇ ಬತ್ತಿಲ್ಲ,” ಎಂದ ಬಚ್ಚಪ್ಪ. ಅವನು ನಮ್ಮ ಮಾವನ ದಾಯಾದಿ. ಊರಲ್ಲಿ ಯಾರು ಸತ್ತರೂ ಶಾಸ್ತ್ರ ಹೇಳುವವನು ಅವನೇ.

“ಏನು ಮಡಗಿಲ್ಲ? ಎಲ್ಲಾ ಮಾಡ್ಕೊಂಡು ಬಂದೀವಲ್ಲ,” ಎಂದಳು ನಮ್ಮ ಅತ್ತೆ ಮಂಗಮ್ಮ.

“ಎಲ್ಲಾ ಅಂದ್ರೆ? ಇಷ್ಟಪಡ್ತಿದ್ದದ್ದು ಮಡಗ್ಬೇಕಮ್ಮ. ನಿನ್ನ ಮಗ ವಡೆಗೆ ಪ್ರಾಣ ಬಿಡ್ತಿದ್ನಾ?”

ಯಾವುದಕ್ಕೆ ಪ್ರಾಣ ಬಿಟ್ಟ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ಆ ಮಾತು ಬಚ್ಚಪ್ಪನ ಬಾಯಿಂದ ಸಲೀಸಾಗಿ ಬಂತು. ಕೇಳಿದವರೆಲ್ಲ ಹೌದಲ್ಲವೇ ಎಂದು ತಲೆದೂಗಿದರು. ಯಾರಾದರೂ ಬಂಗಾರಪೇಟೆಗೆ ಹೋಗಿ ತರಬೇಕಾಗುತ್ತದೆ, ಅಷ್ಟರಲ್ಲಿ ನಾನು ಬೇಡವೆಂದು ಜಗಳ ತೆಗೆಯುತ್ತೇನೆ ಎಂದುಕೊಂಡೆ. ಬಂಗಾರಪೇಟೆಯೇನು, ಹೊಲದ ಬದುವಿನವರೆಗೂ ಯಾರೂ ಹೋಗಬೇಕಾಗಲಿಲ್ಲ. ನಮ್ಮ ಭಾವ ಸುಧಾಕರ್, ಮುನೀಂದ್ರನ ಅಣ್ಣ, ತನ್ನ ಟೊಮ್ಯಾಟೊ ಟೆಂಪೊದ ಸೀಟಿನ ಕೆಳಗೆ ಕೈ ಹಾಕಿ ಕರಿ ಪ್ಲಾಸ್ಟಿಕ್ ಕವರು ಎಳೆದ. ಒಂದಲ್ಲ, ನಾಲ್ಕಾರು ಬಾಟಲಿಗಳಿದ್ದವು. ಸತ್ತವನ ಇಷ್ಟ ಇವರಿಗೆ ಮೊದಲೇ ನೆನಪಿತ್ತು.

ಬಾಟಲಿ ತರಲೆಂದು ಗಂಡಸರೆಲ್ಲ ಟೆಂಪೊ ಕಡೆ ಸರಿದರು. ಅಷ್ಟರಲ್ಲಿ ಕಾಗೆ ಇಳಿದು ಮೊಟ್ಟೆ ಕುಕ್ಕಿತು.

“ನೋಡ್ದ್ರಾ! ವಾಸ್ನೆಗೇ ಬಂದವ್ನೆ!” ಎಂದು ಬಚ್ಚಪ್ಪ ಕೂಗಿದ. ಕೆಲವರು ಕೈ ಮುಗಿದರು. ಅತ್ತೆ ಅತ್ತಳು.

ಆಮೇಲೆ ಒಂದು ಬಾಟಲಿಯ ಮುಚ್ಚಳ ತಿರುಗಿಸಿ ಗುಡ್ಡೆಯ ಮೇಲೆ ಸುರಿದರು. ಹಸಿ ಮಣ್ಣು ಅದನ್ನು ಹೀರಿಕೊಂಡಿತು. ಚೆಂಡುಹೂವಿನ ವಾಸನೆ, ಕೋಳಿ ಸಾರಿನ ವಾಸನೆ, ಅದರ ಮೇಲೆ ಬ್ರಾಂಡಿ. ಆಸ್ಪತ್ರೆಯಲ್ಲಿ ಅವನ ಬಟ್ಟೆಗಳನ್ನು ಗಂಟು ಕಟ್ಟಿ ನನ್ನ ಕೈಗೆ ಕೊಟ್ಟಾಗ ಇದೇ ವಾಸನೆ ಬಂದಿತ್ತು. ರಕ್ತದ ವಾಸನೆಗಿಂತ ಇದೇ ಹೆಚ್ಚಾಗಿತ್ತು.

ಮುನೀಂದ್ರ ದಿನವೂ ಬಂಗಾರಪೇಟೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಿದ್ದ. ಬೈಕು ಸ್ಟೇಷನ್ ಹತ್ತಿರ ನಿಂತಿರುತ್ತಿತ್ತು. ಸಂಜೆ ರೈಲಿಳಿದವನು ನೇರ ಬೈಕಿನ ಹತ್ತಿರ ಹೋಗುತ್ತಿರಲಿಲ್ಲ. ಮಧ್ಯದಲ್ಲಿ ಒಂದು ಅಂಗಡಿ ಇತ್ತು. ಎಲ್ಲರಿಗೂ ಗೊತ್ತಿದ್ದ ವಿಷಯವೇ. “ನಮ್ಮ ಮುನೀಂದ್ರ ಕುಡಿದ್ರೇ ಚೆನ್ನಾಗಿ ಓಡ್ಸೋದು” ಎಂದು ಭಾವ ಅದನ್ನೊಂದು ವಿದ್ಯೆಯ ಹಾಗೆ ಹೊಗಳುತ್ತಿದ್ದ. ಸತ್ತ ದಿನ ಸಂಜೆ ಕ್ಯಾಸಂಬಳ್ಳಿ ರಸ್ತೆಯ ತಿರುವಿನಲ್ಲಿ ಕೋದಂಡಪ್ಪ ಸೈಕಲ್ಲಿನಲ್ಲಿ ಹುಲ್ಲು ಹೇರಿಕೊಂಡು ಹೋಗುತ್ತಿದ್ದ. ಅವನಿಗೆ ಗುದ್ದಿ ಮುನೀಂದ್ರ ಬೇಲಿಯ ಕಲ್ಲುಕಂಬಕ್ಕೆ ಬಡಿದು ಬಿದ್ದ. ಕೋದಂಡಪ್ಪ ಇನ್ನೂ ಕೋಲಾರದ ಆಸ್ಪತ್ರೆಯಲ್ಲಿದ್ದಾನೆ. ಕಾಲಿಗೆ ರಾಡು ಹಾಕಿದ್ದಾರೆ. ನಮ್ಮ ಮನೆಯಿಂದ ನೋಡಲು ಹೋದವಳು ನಾನೊಬ್ಬಳೇ. ಅವನ ಹೆಂಡತಿ ಕದಿರಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಮ್ಮವರು ಮಾಡಿದ್ದೇನು ಗೊತ್ತೇ? ಆ ತಿರುವಿನಲ್ಲಿ ಕೋಳಿ ಕುಯ್ದು, ಕುಂಬಳಕಾಯಿ ಒಡೆದು ಬಂದರು. ಜಾಗ ಸರಿ ಇಲ್ಲವಂತೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಗುಡ್ಡೆಗೆ ಸುರಿದು ಉಳಿದದ್ದನ್ನು ಏನು ಮಾಡುವುದು? ಎಡೆ ಇಟ್ಟದ್ದು ಪ್ರಸಾದ, ಚೆಲ್ಲಬಾರದು ಎಂದ ಬಚ್ಚಪ್ಪ. ಹಾಲು ತುಪ್ಪ ಬಿಡಲು ತಂದಿದ್ದ ಸ್ಟೀಲ್ ಲೋಟಗಳೇ ಹೊರಬಂದವು. ತೊಳೆಯಲೂ ಇಲ್ಲ, ಹಾಲಿನ ಜಿಡ್ಡಿನ ಮೇಲೆಯೇ ಸುರಿದುಕೊಂಡರು. ಮೊದಲ ಲೋಟ ಒಡಹುಟ್ಟಿದವನಿಗೆ ಸಲ್ಲಬೇಕು. ಸುಧಾಕರ್ ಕೈ ಚಾಚಿದವನು ಹಿಂದಕ್ಕೆ ತೆಗೆದ. ಅವನ ಮಣಿಕಟ್ಟಿನಲ್ಲಿ ಅರಿಶಿನದ ದಾರ ಇತ್ತು.

ಆ ದಾರದ ಕಥೆ ಹೇಳಬೇಕು. ತಮ್ಮ ಸತ್ತ ಮೂರನೆಯ ದಿನ ಸುಧಾಕರ್ ಎದೆ ಬಡಿದುಕೊಂಡು ಅತ್ತಿದ್ದ. ನೇರ ಮುನೇಶ್ವರನ ಗುಡಿಗೆ ಹೋಗಿ, ಇನ್ನು ಒಂದು ವರ್ಷ ಹನಿಯೂ ಮುಟ್ಟುವುದಿಲ್ಲವೆಂದು ಆಣೆ ಮಾಡಿ ದಾರ ಕಟ್ಟಿಸಿಕೊಂಡು ಬಂದಿದ್ದ. ನಮ್ಮ ಕಡೆ ಕುಡಿತ ಬಿಡುವವರು ಹೀಗೆ ಕಟ್ಟಿಸಿಕೊಳ್ಳುತ್ತಾರೆ. ದಾರ ಕೈಯಲ್ಲಿದ್ದಾಗ ಕುಡಿದರೆ ರಕ್ತ ಕಾರಿ ಸಾಯುತ್ತಾರೆಂಬ ಭಯ. ಪೊಲೀಸರ ಭಯ ಇಲ್ಲದವರಿಗೂ ಅದಿರುತ್ತದೆ. ನಾನೂ ನಂಬಿದ್ದೆ. ಒಂದು ಸಾವು ಇಷ್ಟಾದರೂ ಮಾಡಿತಲ್ಲ ಎಂದುಕೊಂಡಿದ್ದೆ.

“ದಾರ ಐತಲ್ಲ ಚಿಕ್ಕಪ್ಪ,” ಎಂದ ಸುಧಾಕರ್.

ಬಚ್ಚಪ್ಪ ಗಡ್ಡ ಕೆರೆದುಕೊಂಡು ಯೋಚಿಸಿದ. “ಬಿಚ್ಚಿ ಮರಕ್ಕೆ ಮಡಗ್ಲಾ. ಪ್ರಸಾದ ತಗೊಂಡು ತಿರ್ಗಾ ಕಟ್ಕ. ಮುನೇಶ್ವರಂಗೂ ಗೊತ್ತಾಗ್ತೈತೆ, ನೀನೇನು ಚಟಕ್ಕೆ ಕುಡೀತಿಲ್ಲ ಅಂತ.”

ಕಳ್ಳನಿಗೊಂದು ಪಿಳ್ಳೆ ನೆವ. ಸುಧಾಕರ್ ಹಲ್ಲಿನಿಂದ ಗಂಟು ಸಡಿಲಿಸಿ ದಾರ ಬಿಚ್ಚಿದ, ನಮ್ಮ ತಲೆಯ ಮೇಲಿದ್ದ ಜಾಲಿ ಕೊಂಬೆಯ ಮುಳ್ಳಿಗೆ ಸಿಕ್ಕಿಸಿದ, ಲೋಟ ಕಣ್ಣಿಗೆ ಒತ್ತಿಕೊಂಡು ಎತ್ತಿದ. ಒಂದು ಲೋಟ ತಮ್ಮನ ಹೆಸರಿಗೆ. ಒಂದು ಸತ್ತ ಅಪ್ಪನ ಹೆಸರಿಗೆ. ಇನ್ನೊಂದು ಯಾರ ಹೆಸರಿಗೋ, ನನಗೆ ತಿಳಿಯಲಿಲ್ಲ. ಮುಖ ಕೆಂಪಾಯಿತು, ಮಾತು ಜೋರಾಯಿತು, ಹೇಳಿದ್ದನ್ನೇ ಮತ್ತೆ ಹೇಳತೊಡಗಿದ. ಸತ್ತವನ ಗುಡ್ಡೆಯ ಪಕ್ಕ ಉಗುಳಿದ. ಕೋಳಿಯ ಮೂಳೆ ಕಡಿಯುತ್ತ ಅತ್ತ. ಮೂಗು ಒರೆಸಿದ ಕೈಯಲ್ಲೇ ಮತ್ತೆ ಮೂಳೆ ಹಿಡಿದ. ಆ ಮನುಷ್ಯನನ್ನು ನೋಡುವುದಕ್ಕೇ ನನಗೆ ಹೇಸಿಗೆಯಾಯಿತು.

ಬಾಟಲಿಗಳು ಖಾಲಿಯಾದ ಮೇಲೆ ಅವನು ಮುಳ್ಳಿನಿಂದ ದಾರ ತೆಗೆದು ಬಚ್ಚಪ್ಪನ ಮುಂದೆ ಕೈ ಚಾಚಿದ. ಬಚ್ಚಪ್ಪ ಗಂಟು ಹಾಕಿದ. ಅಷ್ಟೇ, ಮುಗಿಯಿತು. ಕುಡಿದದ್ದೆಲ್ಲ ದಾರ ಇಲ್ಲದ ಕೈಗೆ ಸೇರಿದ್ದು, ಈಗಿನ ಈ ಕೈ ಶುದ್ಧ! ಅವರ ಮುಖ ನೋಡಿದರೆ ಅದನ್ನು ಅವರು ನಿಜವಾಗಿ ನಂಬಿದ್ದರು. ನಾಟಕವಾಗಿದ್ದರೆ ನನಗೆ ಅಷ್ಟು ಭಯ ಆಗುತ್ತಿರಲಿಲ್ಲ.

“ನಡೀರಿ, ಗಾಡಿ ಅತ್ರಿ ಎಲ್ರೂ,” ಎಂದು ಸುಧಾಕರ್ ಟೆಂಪೊ ಕೀಯನ್ನು ಬೆರಳಲ್ಲಿ ತಿರುಗಿಸುತ್ತ ಬಂದ. “ನವ್ಯಾ, ಬಾ ಮಗ್ಳೇ. ಮುಂದ್ಗಡೆ ಕೂತ್ಕ, ದೊಡ್ಡಪ್ಪನ ಪಕ್ಕ.”

ನವ್ಯ ನನ್ನ ಒಬ್ಬಳೇ ಮಗಳು, ಒಂಬತ್ತನೇ ಕ್ಲಾಸು. ಅಪ್ಪ ಹೋದಾಗಿನಿಂದ ದೊಡ್ಡಪ್ಪ ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಿದ್ದಳು. ಎದ್ದು ಹೋಗಿ ಹತ್ತಿ ಕೂತೇಬಿಟ್ಟಳು. ಅವಳ ಪಕ್ಕಕ್ಕೆ ನಮ್ಮ ಅತ್ತೆ. ಹಿಂದೆ ಟೊಮ್ಯಾಟೊ ಕ್ರೇಟು ಜೋಡಿಸುವ ಜಾಗದಲ್ಲಿ ಹೆಂಗಸರು, ಗಂಡಸರು, ಪಾತ್ರೆಗಳು. ಮನೆಗೆ ಹೋಗಬೇಕಾದರೆ ದೊಡ್ಡ ರಸ್ತೆ ದಾಟಬೇಕು, ಆ ತಿರುವು ಹಾಯಬೇಕು.

ನಾನು ಟೆಂಪೊದ ಬಾಗಿಲಲ್ಲಿ ನಿಂತೆ. “ನವ್ಯಾ, ಇಳಿ.”

“ಯಾಕಮ್ಮ?”

“ಇಳಿ ಅಂದೆ.”

“ಏನಾಯ್ತಮ್ಮ ಶಶಿರೇಖಾ?” ಎಂದ ಸುಧಾಕರ್ ನಗುತ್ತ.

“ನೀವು ಕುಡಿದಿದ್ದೀರಿ ಭಾವ. ನನ್ನ ಮಗಳು ಈ ಗಾಡೀಲಿ ಬರಲ್ಲ. ನೀವೂ ಓಡಿಸ್ಬೇಡಿ. ಎಲ್ರೂ ನಡ್ಕೊಂಡು ಓಗಾನ, ಬಿಸ್ಲಿಳಿದ ಮೇಲೆ ಗಾಡಿ ತಂದ್ರಾಯ್ತು.”

“ಕುಡ್ದಿದ್ದೀನಾ?” ಅವನಿಗೆ ನಿಜಕ್ಕೂ ಆಶ್ಚರ್ಯ. ಮಣಿಕಟ್ಟು ಎತ್ತಿ ದಾರ ತೋರಿಸಿದ. “ಇದು ಕಾಣಾಕಿಲ್ವಾ? ಪ್ರಸಾದ ತಗೊಂಡೆ, ಅಷ್ಟೇಯ.”

ಹಿಂದೆ ಕೂತವರು ನಕ್ಕರು. ಸುಧಾಕರ್‌ಗೆ ಇನ್ನೂ ಹುರುಪು ಬಂತು. ಕೆಳಗಿಳಿದು ಹೊಲದ ಬದುವಿನ ಮೇಲೆ ನಡೆದು ತೋರಿಸಿದ. ಒಂದು ಅಡಿ ಅಗಲದ ಬದು. ಎರಡೂ ಕೈ ಚಾಚಿ ಆ ತುದಿಗೆ ಹೋಗಿ ಬಂದ. ಬೀಳಲಿಲ್ಲ, ಎಡವಲಿಲ್ಲ. ಬಚ್ಚಪ್ಪ ಶಿಳ್ಳೆ ಹಾಕಿದ.

“ಇಂಗ್ ನಡ್ಯೋನು ಗಾಡಿ ಓಡ್ಸಾಕಿಲ್ವಾ?” ಎಂದು ಬಚ್ಚಪ್ಪನೇ ಕೇಳಿದ.

ಮುನೀಂದ್ರನೂ ನೆಟ್ಟಗೆ ನಡೆದಿದ್ದ. ಪೊಲೀಸ್ ಸ್ಟೇಷನ್ನಿನಲ್ಲಿ ಶ್ರೀನಿವಾಸಪ್ಪ ಎಂಬ ಪೇದೆ ನನಗೆ ಅಂಗಡಿ ಮುಂದಿನ ಕ್ಯಾಮೆರಾದ ವಿಡಿಯೊ ತೋರಿಸಿದ್ದ. ಅದರಲ್ಲಿ ನನ್ನ ಗಂಡ ಸಲೀಸಾಗಿ ಬೈಕಿನ ಹತ್ತಿರ ಬರುತ್ತಾನೆ, ಊಟದ ಡಬ್ಬಿಯ ಚೀಲವನ್ನು ನೀಟಾಗಿ ಸಿಕ್ಕಿಸುತ್ತಾನೆ, ಯಾರಿಗೋ ಕೈ ಬೀಸುತ್ತಾನೆ. ಕುಡಿದವನೆಂದು ಹೆತ್ತ ತಾಯಿಗೂ ಗೊತ್ತಾಗದು. ಆಮೇಲೆ ಶ್ರೀನಿವಾಸಪ್ಪ ತಿರುವಿನ ಫೋಟೊ ತೋರಿಸಿ ಹೇಳಿದ್ದ: “ಬ್ರೇಕ್ ಇಡಿದ ಗುರುತು ಸೈಕಲ್ ಬಿದ್ದ ಜಾಗದಿಂದ ಆಚ್ಗೆ ಶುರು ಆಗ್ತೈತೆ ನೋಡಮ್ಮ. ಅಂದ್ರೆ ಗುದ್ದಿದ ಮೇಲೆ ಬ್ರೇಕ್ ಇಡ್ದೌನೆ. ಕಣ್ಣಿಗೆ ಕಂಡೈತೆ, ಅದು ಕೈಗೆ ಗೊತ್ತಾಗೋದ್ರೊಳ್ಗೆ ಎಲ್ಲಾ ಮುಗ್ದೋಗೈತೆ.” ಆ ಮಾತು ಅಂದಿನಿಂದ ನನ್ನ ತಲೆಯಲ್ಲೇ ಕೂತಿದೆ.

ಇದನ್ನೆಲ್ಲ ಇವರಿಗೆ ಹೇಳಿ ಪ್ರಯೋಜನವಿರಲಿಲ್ಲ. ನಾನು ಗುಡ್ಡೆಯ ಹತ್ತಿರ ಹೋಗಿ ತಲೆಯ ಕಡೆ ಇಟ್ಟಿದ್ದ ನಿಂಬೆಹಣ್ಣು ಎತ್ತಿಕೊಂಡೆ.

“ಅಯ್ಯೋ ಮುಟ್ಬ್ಯಾಡ ಕಣಮ್ಮೀ!” ಎಂದು ಅತ್ತೆ ಕಿರುಚಿದಳು. ಎಡೆಯ ನಿಂಬೆಹಣ್ಣನ್ನು, ಅದರಲ್ಲೂ ಗಂಡ ಸತ್ತವಳು, ಮುಟ್ಟುವುದುಂಟೆ!

“ಭಾವ, ಇಡ್ಕಳಿ,” ಎಂದು ಅವನತ್ತ ಎಸೆದೆ.

ಜೋರಾಗೇನೂ ಎಸೆಯಲಿಲ್ಲ. ಮಕ್ಕಳಿಗೆ ಚೆಂಡು ಹಾಕುವ ಹಾಗೆ ಹಾಕಿದೆ. ಅವನು ಅದನ್ನು ನೋಡಿದ. ಕಣ್ಣು ಅದರ ಜೊತೆಗೇ ಬಂತು. ಹಣ್ಣು ಅವನ ಎದೆಗೆ ತಾಗಿ ಕೆಳಗೆ ಬಿದ್ದ ಮೇಲೆ ಅವನ ಎರಡೂ ಕೈ ಚಪ್ಪಾಳೆ ತಟ್ಟಿದ ಹಾಗೆ ಎದೆಯ ಮುಂದೆ ಬಂದು ಸೇರಿದವು. ಎಲ್ಲರೂ ಗೊಳ್ಳೆಂದರು. ಅವನೂ ನಕ್ಕ. “ತಡಿ ತಡಿ, ಈಗ ಆಕು,” ಎಂದು ಕಾಲು ಅಗಲಿಸಿ ನಿಂತ. ಮತ್ತೆ ಎಸೆದೆ. ಕೆನ್ನೆಗೆ ತಾಗಿತು. ಮತ್ತೆ ಎಸೆದೆ. ಬೆರಳಿಗೆ ಬಡಿದು ಹಾರಿತು. ಅಷ್ಟು ಹೊತ್ತಿಗೆ ಹೆಂಗಸರ ನಗು ನಿಂತಿತ್ತು.

“ಇದು ನಿಂಬೆಹಣ್ಣು ಭಾವ,” ಎಂದೆ. “ತಿರುವಿನಲ್ಲಿ ಇನ್ನೊಬ್ಬ ಕೋದಂಡಪ್ಪ ಬಂದ್ರೆ?”

ಹಿಂದಿನಿಂದ ಸೆಲ್ವಿ ಕೆಳಗಿಳಿದಳು. ಕೆಜಿಎಫ್‌ನ ಗಣಿ ಕಾರ್ಮಿಕರ ಲೈನುಮನೆಗಳಲ್ಲಿ ಹುಟ್ಟಿ ಬೆಳೆದು ನಮ್ಮೂರಿಗೆ ಮದುವೆಯಾಗಿ ಬಂದವಳು, ಕೂಲಿಗೆ ಹೋಗುವವಳು, ನನ್ನ ಜೊತೆಗಾತಿ. “ವೇಂಡಾಮ್ಮಾ ತಾಯಿ, ಬ್ಯಾಡ, ನಾನು ನಡ್ಕೊಂಡೇ ಬತ್ತೀನಿ,” ಎಂದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಹೆಂಗಸರು ಇಳಿದರು. ನವ್ಯ ಅಜ್ಜಿಯ ಕಾಲು ದಾಟಿಕೊಂಡು ಇಳಿದು ಬಂದು ನನ್ನ ಸೆರಗು ಹಿಡಿದಳು.

ಸುಧಾಕರ್‌ನ ನಗು ಆರಿತು. ಹೆಂಗಸರ ಎದುರಿಗೆ ಆದ ಅವಮಾನ. ಕುಡಿದವನಿಗೆ ಹುರುಪು ಎಷ್ಟು ಬೇಗ ಬರುತ್ತದೋ ಸಿಟ್ಟೂ ಅಷ್ಟೇ ಬೇಗ. “ಓಗ್ರೇ ಓಗಿ. ಗಂಡನ್ನ ತಿಂದ್ಕೊಂಡವ್ಳು ನಂಗೆ ಬುದ್ಧಿ ಯೋಳಾಕೆ ಬಂದವ್ಳೆ,” ಎಂದು ಹತ್ತಿ ಕೂತ.

“ಕೀ ಕೊಡಿ ಭಾವ,” ಎಂದು ನಾನು ಕಿಟಕಿಯಿಂದ ಕೈ ಹಾಕಿದೆ. ಅವನು ನನ್ನ ಕೈ ತಳ್ಳಿದ. ಮೊಣಕೈ ಬಾಗಿಲಿಗೆ ಬಡಿಯಿತು.

“ಅತ್ತೆ, ನೀವಾದ್ರೂ ಇಳೀರಿ,” ಎಂದೆ.

ಮಂಗಮ್ಮ ಮಗನ ಮುಖ ನೋಡಿದಳು, ನನ್ನ ಮುಖ ನೋಡಿದಳು. “ಇಬ್ರು ಮಕ್ಳಲ್ಲಿ ಒಬ್ನು ಉಳ್ದವ್ನೆ. ನಾನೂ ಇಳಿದ್ರೆ ಅವ್ನ ಮಾನ ಏನಾಗ್ಬೇಕು?” ಎಂದಳು.

ಟೆಂಪೊ ಹೊರಟಿತು. ಹಿಂದೆ ಬಚ್ಚಪ್ಪ ಮತ್ತು ಗಂಡಸರು ಕೇಕೆ ಹಾಕಿದರು. ಬದುವಿನ ಮೇಲೆ ನೆಟ್ಟಗೆ ನಡೆದವನು ಹೊಲದ ಬಾಯಲ್ಲಿದ್ದ ಕಲ್ಲಿಗೆ ಹಿಂದಿನ ಚಕ್ರ ಹತ್ತಿಸಿ ಇಳಿಸಿಕೊಂಡು ಹೋದ. ಅಷ್ಟು ದೊಡ್ಡ ಕಲ್ಲು ಅವನಿಗೆ ಕಾಣಲಿಲ್ಲ.

ನಾವು ನಡೆದೆವು. ಮಗಳನ್ನು ಇಳಿಸಿಕೊಂಡೆ, ಸರಿ. ಆ ರಸ್ತೆಯಲ್ಲಿ ಬರುವವರೆಲ್ಲ ಯಾರ ಮಕ್ಕಳು? ಅವರನ್ನು ಇಳಿಸಿಕೊಳ್ಳುವವರು ಯಾರು? ದೊಡ್ಡ ರಸ್ತೆಗೆ ಬಂದಾಗ ನವ್ಯ ಮುಂದೆ ಮುಂದೆ ಓಡಿ ತಿರುವಿನಲ್ಲಿ ನಿಂತು ನೋಡಿದಳು. ಒಡೆದ ಕುಂಬಳಕಾಯಿ ಕೊಳೆತು ನೊಣ ಮುತ್ತಿತ್ತು. ಬೇರೇನೂ ಇರಲಿಲ್ಲ. “ಏನೂ ಇಲ್ಲಮ್ಮ,” ಎಂದು ಕೂಗಿ ಹೇಳಿದಳು. ಅದನ್ನು ಕೇಳಿ ಸೆಲ್ವಿ ರಸ್ತೆ ಬದಿಯಲ್ಲೇ ಕುಕ್ಕರಿಸಿ ಕೂತಳು.

ಮನೆಯ ಮುಂದೆ ಟೆಂಪೊ ನಿಂತಿತ್ತು. ಒಂದು ಗೀರೂ ಬಿದ್ದಿರಲಿಲ್ಲ. ಪಡಸಾಲೆಯಲ್ಲಿ ಗಂಡಸರು ಎಲೆ ಹಾಕಿಕೊಂಡು ಕೂತಾಗಿತ್ತು. ನನ್ನನ್ನು ಕಂಡ ಕೂಡಲೇ ಒಳಗಿಂದ ಸುಧಾಕರ್‌ನ ಗಂಟಲು ಕೇಳಿತು.

“ಏನಮ್ಮ, ಏನಾಯ್ತು ಈಗ? ಏನಾದ್ರೂ ಆಯ್ತಾ? ಉಂಡ್ಬುಟ್ಟು ರೈಲಿಗೋಗೋ ನೆಂಟ್ರನ್ನೆಲ್ಲ ಬಂಗಾರಪೇಟೆ ಸ್ಟೇಷನ್ಗೂ ನಾನೇ ಬಿಡೋನು, ನೋಡ್ತಿರು!”

ಎಲ್ಲರೂ ನಕ್ಕರು. ಆ ನಗು ನನಗೆ ಹೊಸದಲ್ಲ. ಮದುವೆಯಾದಾಗಿನಿಂದ ಪ್ರತಿ ಸಂಜೆ ಮುನೀಂದ್ರ ಬೈಕು ನಿಲ್ಲಿಸಿ ಒಳಗೆ ಬಂದು ಇದೇ ನಗು ನಕ್ಕು ಇದೇ ಮಾತು ಕೇಳುತ್ತಿದ್ದ, ಏನಾಯ್ತು ಈಗ ಎಂದು. ಪ್ರತಿ ಸಂಜೆಯೂ ಏನೂ ಆಗಿರುತ್ತಿರಲಿಲ್ಲ. ಅವನು ಸತ್ತದ್ದು ಆ ಸಂಜೆಗಳನ್ನೆಲ್ಲ ನಂಬಿ.

ಕಾಲು ತೊಳೆಯಲು ತೊಟ್ಟಿಯ ಕಡೆ ಹೊರಟವಳು ತಿರುಗಿ ನೋಡಿದೆ. ಟೆಂಪೊದ ಮುಂದಿನ ಸೀಟಿನಲ್ಲಿ ನಮ್ಮ ಅತ್ತೆ ಇನ್ನೂ ಕೂತೇ ಇದ್ದಳು. ಎಲ್ಲರೂ ಇಳಿದು ಹೋಗಿ ಎಲೆಯ ಮುಂದೆ ಕೂತಿದ್ದರು. ಮುದುಕಿ ಇಳಿದಳೋ ಇಲ್ಲವೋ ಎಂದು ಒಬ್ಬನೂ ನೋಡಿರಲಿಲ್ಲ.

ಹತ್ತಿರ ಹೋದೆ. ಅವಳು ಎರಡೂ ಕೈಯನ್ನು ಮಡಿಲಲ್ಲಿ ಒತ್ತಿ ಹಿಡಿದಿದ್ದಳು. ವಾಸನೆ ಬಂತು. ಈ ಸಲ ಬ್ರಾಂಡಿಯದಲ್ಲ. ಸೀರೆ ಒದ್ದೆಯಾಗಿ ಸೀಟಿನಿಂದ ಕೆಳಗೆ ತೊಟ್ಟಿಕ್ಕುತ್ತಿತ್ತು.

“ಆ ತಿರುವ್ನಲ್ಲಿ ಎದುರ್ಗಡೆಯಿಂದ ಬಸ್ಸು ಬಂತು,” ಎಂದಳು ಪಿಸುಮಾತಿನಲ್ಲಿ. “ಬಸ್ಸಿನವ್ನೇ ರಸ್ತೆಯಿಂದ ಕೆಳಕ್ಕೆ ಇಳಿಸ್ಕೊಂಡ. ಇವ್ನು ಆಮ್ಯಾಕೆ ಆರನ್ ಒಡೀತಾನೆ. ಬಸ್ ಓದ ಮ್ಯಾಲೆ ಕಣೆ ಶಶೀ.” ಅಷ್ಟು ಹೇಳಿ ನನ್ನ ಕೈ ಎಳೆದುಕೊಂಡು ಅದರಲ್ಲಿ ಏನನ್ನೋ ತುರುಕಿದಳು. ಟೆಂಪೊದ ಕೀ. ಅದೂ ಒದ್ದೆಯಾಗಿತ್ತು. ಮಗ ಮರೆತು ಗಾಡಿಯಲ್ಲೇ ಬಿಟ್ಟಿದ್ದನ್ನು ಕಿತ್ತು ಮುಷ್ಟಿಯಲ್ಲಿ ಇಟ್ಟುಕೊಂಡು ನಾನು ಬರುವುದನ್ನೇ ಕಾಯುತ್ತ ಕೂತಿದ್ದಳು. “ಎಲ್ಲಾದ್ರೂ ಬಚ್ಚಿಡು. ನಾನು ಕೊಟ್ಟೆ ಅನ್ಬ್ಯಾಡ.”

ನವ್ಯ ಒಳಗಿಂದ ಸೀರೆ ತಂದಳು. ದನದ ಕೊಟ್ಟಿಗೆಯಲ್ಲಿ ಇಬ್ಬರೂ ಸೇರಿ ಅವಳಿಗೆ ಉಡಿಸಿದೆವು. ಒದ್ದೆ ಸೀರೆಯನ್ನು ನಾನು ಹಿಂಡಿ ಬಕೆಟ್ಟಿಗೆ ಹಾಕಿದೆ. ಅವಳು ಮುಖ ತೊಳೆದುಕೊಂಡು, ಕೂದಲು ಸರಿಮಾಡಿಕೊಂಡು, ಮುದ್ದೆಯ ತಟ್ಟೆ ಎತ್ತಿಕೊಂಡು ಪಡಸಾಲೆಗೆ ನಡೆದಳು. ಹಿಂದೆಯೇ ನಾನು ಸಾರಿನ ಪಾತ್ರೆ ಹಿಡಿದು ಹೋದೆ. ಕೀ ನನ್ನ ಸೊಂಟದಲ್ಲಿ ಚುಚ್ಚುತ್ತಿತ್ತು.

“ಬೇಕಾದ್ರೆ ನಮ್ಮವ್ವನ್ನೇ ಕೇಳ್ರೋ,” ಎನ್ನುತ್ತಿದ್ದ ಸುಧಾಕರ್. “ಮುಂದ್ಗಡೇನೇ ಕೂತಿದ್ಳು. ಯೋಳವ್ವಾ, ಎಂಗೆ ಓಡಿಸ್ದೆ?”

ಮಂಗಮ್ಮ ಬಗ್ಗಿ ಮಗನ ಎಲೆಗೆ ಮುದ್ದೆ ಇಟ್ಟಳು.

“ಚೆನ್ನಾಗೇ ಓಡಿಸ್ದೆ ಕಣಪ್ಪ,” ಎಂದಳು. “ಉಣ್ಣು.”